ಹಳದಿ ಸೆರಗಿನ ಹಿಂದೆ ಬಂದವರು

ಅಕ್ಕೋರು ಯಾರ ಮುಖವನ್ನೂ ನೇರವಾಗಿ ನೋಡುತ್ತಿರಲಿಲ್ಲ. ಕುತ್ತಿಗೆಯನ್ನು ಎಡಕ್ಕೆ ವಾಲಿಸಿ, ಗದ್ದ ಎತ್ತಿ, ಕೋಳಿ ಕಾಳನ್ನು ನೋಡುವ ಹಾಗೆ ಓರೆಯಾಗಿ ನೋಡುತ್ತಿದ್ದರು. ಸೈಕಲ್ ಮೇಲೆ ಕೂತಾಗಲೂ ಹಾಗೆಯೇ. ಎತ್ತರದ ಆಳು, ಚೂಡಿದಾರದ ಮೇಲೆ ಮಗನ ಹಳೆಯ ಸ್ವೆಟರ್, ಕಾಲಲ್ಲಿ ಬಿಳಿ ಕ್ಯಾನ್ವಾಸ್ ಬೂಟು. ಎಪ್ಪತ್ತರ ಹತ್ತಿರದ ಆ ಹೆಂಗಸು ಬೆಂಗೇರಿಯ ನಮ್ಮ ಓಣಿಯಲ್ಲಿ ಹೊರಟರೆ ಹಾಲಿನವನು ಕೂಡ ಗಾಡಿಯನ್ನು ಬದಿಗೆ ಒತ್ತುತ್ತಿದ್ದ. ಆ ಓರೆನೋಟವನ್ನು ನಾನು ಶಿಕ್ಷಕಿಯ ಗತ್ತು ಎಂದುಕೊಂಡಿದ್ದೆ. ಎಂಟು ತಿಂಗಳು ಹಾಗೆಯೇ ಅಂದುಕೊಂಡು ಅವರ ಜೊತೆ ಓಡಾಡಿದೆ. ಮಕ್ಕಳೇ, ಅದನ್ನು ನೆನೆದರೆ ಇವತ್ತಿಗೂ ನನ್ನ ಎದೆ ಧಸಕ್ಕೆನ್ನುತ್ತದೆ.

ಅವರು ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು. ನಮ್ಮ ಪಕ್ಕದ ಮನೆ. ನಿಮ್ಮ ಅಜ್ಜ ಹೋದ ಮೇಲೆ ನಾನು ಒಂದು ವರ್ಷ ಹೊರಗಿನ ಗೇಟು ದಾಟಿರಲಿಲ್ಲ. ಯಾರೂ ತಡೆದಿರಲಿಲ್ಲ, ನಾನೇ ಹೋಗುತ್ತಿರಲಿಲ್ಲ. ಮುಂಜಾನೆ ಕೆಲಸಕ್ಕೆ ಹೊರಡುವವರ ಎದುರಿಗೆ ನನ್ನಂಥವಳು ಬರಬಾರದು ಎಂದು ನನ್ನ ಅತ್ತೆ ಕಲಿಸಿದ್ದು ಮೈಯೊಳಗೆ ಹಾಗೇ ಉಳಿದಿತ್ತು. ಒಂದು ದಿನ ಅಕ್ಕೋರು ಬಂದು, ನಿಮ್ಮಲ್ಲಿ ದೊಡ್ಡವಳು ಬಿಟ್ಟುಹೋಗಿದ್ದ ಸೈಕಲ್ಲನ್ನು ಗೋಡೆಯಿಂದ ತೆಗೆದು, ಬಟ್ಟೆಯಿಂದ ಒರೆಸಿ, ನನ್ನ ಕೈಗೆ ಕೊಟ್ಟರು. ಹಳ್ಳಿಯ ಸಾಲೆಯಲ್ಲಿ ಏಳನೆಯ ಇಯತ್ತೆ ಓದಿದವಳು ನಾನು, ಸೈಕಲ್ ಮುಟ್ಟಿದವಳಲ್ಲ. ಮೈದಾನದಲ್ಲಿ ಹದಿನೈದು ದಿನ ಬಿದ್ದೆ. ಬಿದ್ದಾಗಲೆಲ್ಲ ಅವರು ಎತ್ತಲು ಬರುತ್ತಿರಲಿಲ್ಲ. ನಿಂತಲ್ಲೇ ನಿಂತು, ಎದ್ದಿಯಾ ಎಂದು ಕೇಳುತ್ತಿದ್ದರು.

ಆಮೇಲೆ ನಮ್ಮ ತಿರುಗಾಟ ಶುರುವಾಯಿತು. ಹೊತ್ತು ಮೂಡಿದ ಮೇಲೆ ಹೊರಡುವುದು, ಅವಸರವಿಲ್ಲ. ಹೆಚ್ಚಿನ ದಿನ ಉಣಕಲ್ ಕೆರೆ. ಭಾನುವಾರ ತೋಳನಕೆರೆ, ಅಲ್ಲಿನ ಉದ್ಯಾನದಲ್ಲಿ ಒಂದು ಸುತ್ತು, ಬುತ್ತಿ ಬಿಚ್ಚಿ ಒಂದೊಂದು ರೊಟ್ಟಿ, ಶೇಂಗಾ ಚಟ್ನಿ. ಕೆಲವು ದಿನ ನಾಲಾ ದಂಡೆಯ ಮಣ್ಣಿನ ದಾರಿ. ಅಲ್ಲಿ ವಾಸನೆ ಬರುತ್ತದೆ ಎಂದರೆ, "ಮೂಗ ಮುಚ್ಚಿಕೊ, ಬಾಯಿ ಮುಚ್ಚಬ್ಯಾಡ" ಎನ್ನುತ್ತಿದ್ದರು.

ಬಾಯಿ ಮುಚ್ಚಬಾರದು ಎನ್ನುವುದೇ ಅವರ ಪಾಠ. ನಾನು ಯಾವಾಗಲೂ ಮುಂದೆ ಹೋಗಬೇಕು, ದಾರಿಯಲ್ಲಿ ಕಂಡದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತ ಹೋಗಬೇಕು. ಎಮ್ಮೆ ಬಂತು, ತಗ್ಗು ಬಂತು, ನೀರಿನಲ್ಲಿ ಬೆಳ್ಳಕ್ಕಿ ನಿಂತಿದೆ. ಮೊದಮೊದಲು ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ನಾನು ಹಿಂದೆ ಬರುತ್ತೇನೆ ಎಂದು ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ. ಬಿಳಿ, ಬೂದು ಸೀರೆಗಳನ್ನೂ ಬಿಡಿಸಿದರು. ತಾವೇ ಅಂಗಡಿಗೆ ಕರೆದೊಯ್ದು ದೂರದಿಂದಲೂ ಕಣ್ಣಿಗೆ ಹೊಡೆಯುವ ಹಳದಿ ಸೀರೆಗಳನ್ನು ಕೊಡಿಸಿದರು. ಗಂಡ ಸತ್ತವಳನ್ನು ಮುಂದೆ ಬಿಟ್ಟು ಹಿಂದೆ ಬರುವವರು ಈ ಊರಿನಲ್ಲಿ ಒಬ್ಬರಾದರೂ ಇದ್ದಾರಲ್ಲ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಆ ಹೆಮ್ಮೆಯಲ್ಲಿ ನನ್ನ ದನಿಯೂ ಏರಿತು.

ಅವತ್ತು ಉಣಕಲ್ ಕೆರೆಯ ದಂಡೆಯ ಮೇಲೆ ಹೊರಟಿದ್ದೆವು. ಎದುರಿನಿಂದ ಮದುವೆ ಮನೆಯ ಹೆಣ್ಣುಮಕ್ಕಳು ಬಂದರು. ಕೆರೆಯ ನೀರು ತುಂಬಿದ ಐದು ಕೊಡ, ನಡುವೆ ಅರಿಷಿಣ ಹಚ್ಚಿದ ಮದುಮಗಳು. ನನ್ನ ತಲೆಗೆ ಏನೂ ಹೊಳೆಯಲಿಲ್ಲ, ಕಾಲಿಗೆ ಹೊಳೆಯಿತು. ಮಾತು ನಿಲ್ಲಿಸಿ, ಸೈಕಲ್ ಹೊರಳಿಸಿ, ಬೇವಿನ ಗಿಡದ ಹಿಂದೆ ಹೋಗಿ ಮುಖ ಮರೆಮಾಡಿಕೊಂಡೆ. ತುಂಬಿದ ಕೊಡಕ್ಕೆ ನಾನು ಅಡ್ಡ ಬರಬಾರದಲ್ಲ.

ಹಿಂದೆ ಸೈಕಲ್ ಬಿದ್ದ ಸದ್ದು, ಆಮೇಲೆ ನೀರಿನ ಸದ್ದು. ತಿರುಗಿ ನೋಡಿದರೆ ಅಕ್ಕೋರು ದಾರಿಯ ಮೇಲಿರಲಿಲ್ಲ. ದಾರಿ ಹೊರಳಿದ ಕಡೆ ಅವರು ಹೊರಳಿರಲಿಲ್ಲ. ನೆಟ್ಟಗೆ ಹೋಗಿ, ಕಲ್ಲಿನ ಇಳಿಜಾರಿನಲ್ಲಿ ಉರುಳಿ, ಜೊಂಡಿನೊಳಗೆ ಎದೆಮಟ್ಟ ನೀರಿನಲ್ಲಿ ಕೈ ಆಡಿಸುತ್ತಿದ್ದರು. ನನಗೆ ಕೂಗಲು ಬರಲಿಲ್ಲ. ಮದುವೆಯ ಹೆಣ್ಣುಮಕ್ಕಳೇ ಕೊಡ ಇಳಿಸಿ ಓಡಿದರು. ಮದುಮಗಳ ಅವ್ವನೇ ತನ್ನ ಜರಿಯಂಚಿನ ಸೆರಗು ಎಸೆದು ಅವರನ್ನು ಎಳೆದುಕೊಂಡಳು. ಮೇಲೆ ಬಂದು ಏದುಸಿರು ಬಿಡುತ್ತ ನನ್ನನ್ನು ಕೇಳಿದಳು, "ನೀವ್ಯಾಕ್ರಿ ಅಕ್ಕಾರ ಹಾದಿ ಬಿಟ್ಟು ಅತ್ಲಾಗ ಹೋದ್ರಿ?" ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಖರೇನೇ ಅವಳಿಗೆ ಅರ್ಥವಾಗಿರಲಿಲ್ಲ. ನಾನೊಬ್ಬಳೇ ಆ ಶಾಸ್ತ್ರವನ್ನು ಹಿಡಿದುಕೊಂಡು ನಿಂತಿದ್ದೆ.

ಅವರೆಲ್ಲ ಹೋದ ಮೇಲೆ ಅಕ್ಕೋರು ಬೂಟು ಕಳಚಿ ನೀರು ಸುರುವಿದರು. ಮೊಣಕೈಯಿಂದ ರಕ್ತ ಇಳಿಯುತ್ತಿತ್ತು.

"ನಿನ್ನ ಸೆರಗು ಒಮ್ಮೆಲೇ ಮಾಯ ಆತಲ್ಲ" ಎಂದರು. "ಎರಡ ವರ್ಷ ಆತು, ತಂಗಿ. ಕಣ್ಣಿನ ನಟ್ಟನಡುವ ಹೊಗಿ ಕುಂತಂಗ ಆಗೇತಿ. ಬಾಜೂಕಷ್ಟ ಕಾಣತೈತಿ. ಔಷಧ ಇಲ್ಲ ಅಂದಾರ."

ಎಂಟು ತಿಂಗಳು ನನ್ನ ಹಿಂದೆ ಬಂದದ್ದು ಕಣ್ಣಿಲ್ಲದ ಹೆಂಗಸು. ನಾಲಾ ದಂಡೆ, ನಾವು ದಾಟುತ್ತಿದ್ದ ಗೋಕುಲ ರಸ್ತೆಯ ಲಾರಿಗಳು, ಎಲ್ಲವೂ ಒಮ್ಮೆಲೇ ಕಣ್ಣ ಮುಂದೆ ಬಂದವು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಜನ್ಮದಲ್ಲಿ ನಾನು ಯಾರಿಗೂ ಅಂಥ ಪ್ರಶ್ನೆ ಕೇಳಿರಲಿಲ್ಲ.

"ಹಂಗಾರ ನನ್ನ ಮುಂದ ಬಿಟ್ಟಿದ್ದು, ಮಾತಾಡ್ಸಿದ್ದು, ಎಲ್ಲಾ ನಿಮ್ಮ ಸಲುವಾಗಿ ಏನ್ರಿ?"

"ಹೂಂ, ನನ್ನ ಸಲುವಾಗೇ. ಅದ್ರಾಗ ನಿನಗೇನ ಕಡಿಮಿ ಆತು?"

ಏಳುವಾಗ ಅವರು ನನ್ನ ಕೈ ಹಿಡಿದು, "ಮನ್ಯಾಗ ಹೇಳಬ್ಯಾಡ. ಹೇಳಿದಿ ಅಂದ್ರ ನನ್ನ ಸೈಕಲ್ ಮಾಳಿಗಿ ಮ್ಯಾಲೆ ಹೋಗತೈತಿ, ನಾ ಕುರ್ಚಿ ಮ್ಯಾಲೆ" ಎಂದರು.

ಮೂರು ದಿನ ನನಗೆ ಅನ್ನ ಸೇರಲಿಲ್ಲ. ಹೇಳಿದರೆ ಅವರ ತಿರುಗಾಟ ಮುಗಿಯುತ್ತದೆ, ಹೇಳದಿದ್ದರೆ ಒಂದು ದಿನ ಅವರೇ ಮುಗಿಯುತ್ತಾರೆ. ನಾಲ್ಕನೆಯ ದಿನ ಅವರು ಸ್ನಾನಕ್ಕೆ ಹೋದ ಹೊತ್ತು ನೋಡಿ, ಅವರ ಮಗನಿಗೆ ಹೇಳಿಬಿಟ್ಟೆ. "ನಿನ್ನೆನೇ ಅವ್ವ ನನ್ನ ಅಂಗಿ ಹೊಲಸ ಆಗೇತಿ ಅಂದ್ಲಲ್ರಿ ಕಾಕು" ಎಂದ. ಅವರು ಅದನ್ನು ಊಹೆಯ ಮೇಲೆ ಹೇಳಿದ್ದರು. ಮಗನ ಅಂಗಿ ದಿನಾ ಹೊಲಸಾಗಿರುತ್ತದೆ ಎಂದು ಅವರಿಗೆ ಗೊತ್ತಿತ್ತು.

ಅವತ್ತೇ ಸಂಜೆ ಸೈಕಲ್ ಮಾಳಿಗೆ ಏರಿತು. ಅಕ್ಕೋರು ನನ್ನೊಡನೆ ಮಾತು ಬಿಟ್ಟರು. ನಾನು ಗೋಡೆಯಾಚೆಯಿಂದ ಕರೆದರೆ, ಮನೆಯಲ್ಲಿ ಯಾರೂ ಇಲ್ಲ ಎಂದು ತಾವೇ ಕೂಗಿ ಹೇಳುತ್ತಿದ್ದರು. ಎರಡು ವಾರದ ಮೇಲೆ ಒಂದು ಮುಂಜಾನೆ ನಮ್ಮ ಅಂಗಳಕ್ಕೆ ಗೋಡೆ ಹಿಡಿದುಕೊಂಡು ಬಂದು, ನನ್ನ ಸೈಕಲ್ಲಿನ ಸೀಟು ತಡವಿದರು. ಧೂಳು ಕೈಗೆ ಹತ್ತಿತು.

"ನನ್ನ ಕಾಲು ಮುರಿದಿ, ನಿನ್ನ ಕಾಲಿಗೆ ಏನಾಗೇತಿ? ಹೋಗಿ ಬಾ. ಬಂದು ಹೇಳು."

ಹಾಗೆ ನಾನು ಒಬ್ಬಳೇ ಹೋಗತೊಡಗಿದೆ. ಒಬ್ಬಳೇ, ಮಕ್ಕಳೇ. ಬಂದು ಅವರ ಕುರ್ಚಿಯ ಪಕ್ಕ ಕೂತು ಕಂಡದ್ದನ್ನೆಲ್ಲ ಹೇಳುತ್ತಿದ್ದೆ. ಒಮ್ಮೆ ಅವರನ್ನು ಖುಷಿಪಡಿಸಲು, ಇಲ್ಲದ ನವಿಲೊಂದನ್ನು ಕೆರೆ ದಂಡೆಯ ಮೇಲೆ ನಿಲ್ಲಿಸಿದೆ. ನವಿಲು ಯಾವ ಕಡೆಗೆ ಹೋಯಿತು, ಎಷ್ಟು ಉದ್ದ ಬಾಲ ಎಂದು ಕೇಳಿ ಕೇಳಿ ನನ್ನ ಬೆವರು ಇಳಿಸಿದರು. ಸುಳ್ಳು ಹೇಳುವುದಿದ್ದರೆ ಕಾಗೆಯಿಂದ ಶುರು ಮಾಡು ಎಂದರು.

ಅವರು ಹೋದದ್ದು ಒಂದು ಮಂಗಳವಾರ. ನಾನು ಕೆರೆ ಸುತ್ತಿ ಬರುವಷ್ಟರಲ್ಲಿ ಓಣಿಯ ತುಂಬ ಚಪ್ಪಲಿ. ಅವರೆಕಾಯಿ ಸುಲಿಯುತ್ತ ಕುರ್ಚಿಯಲ್ಲೇ ಕುತ್ತಿಗೆ ವಾಲಿಸಿದ್ದರಂತೆ, ಎಂದಿನ ಹಾಗೆ ಎಂದು ಸೊಸೆ ಸುಮ್ಮನಿದ್ದಳಂತೆ. ಎದೆ ನಿಂತಿತ್ತು. ನೀರಿಗೆ, ಲಾರಿಗೆ ಹೆದರಿ ನಾನು ಕೂರಿಸಿದ ಕುರ್ಚಿ ಅದು. ಆರು ತಿಂಗಳು ಅವರಿಗೆ ಗಾಳಿ ಇಲ್ಲದಂತೆ ಮಾಡಿದವಳು ನಾನು. ಜೀವ ಉಳಿಸಿದೆನೋ, ಇದ್ದ ಜೀವನವನ್ನು ಕಸಿದೆನೋ, ನನಗೆ ಇವತ್ತಿಗೂ ತಿಳಿಯದು.

ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಷ್ಟು ಜನರ ನಡುವೆ ಹಾದು ಹೋಗಿ ಅವರ ತಲೆಯ ಹತ್ತಿರ ಕೂತೆ. ನನಗೆ ಅಳು ಬರಲಿಲ್ಲ. ಬಾಯಿ ತಾನಾಗಿ ತೆರೆಯಿತು. ಅಕ್ಕೋರ, ನೀರು ಒಂದು ಮೆಟ್ಟಿಲು ಇಳಿದೈತ್ರಿ ಎಂದೆ. ಬೆಳ್ಳಕ್ಕಿ ಮೂರು ಇದ್ದವು, ನಾಲ್ಕನೆಯದು ಕಾಣಲಿಲ್ಲ. ಒಬ್ಬ ಆಟೊ ತೊಳೆಯುತ್ತಿದ್ದ. ನವಿಲು ಇರಲಿಲ್ಲ. ಯಾರೋ ನನ್ನ ರಟ್ಟೆ ಹಿಡಿದು ಎಬ್ಬಿಸಲು ನೋಡಿದರು, ಇವಳಿಗೆ ಏನೋ ಆಗಿದೆ ಎಂದರು. ನಾನು ಕೈ ಬಿಡಿಸಿಕೊಂಡೆ. ಇನ್ನೂ ಅರ್ಧ ಕೆರೆ ಉಳಿದಿತ್ತು, ಅದನ್ನೂ ಗಟ್ಟಿಯಾಗಿಯೇ ಹೇಳಿ ಮುಗಿಸಿದೆ.