ವಾರಿಜಕ್ಕನೂ ಪೆಟ್ರೋಲು ಕಾಣದ ಗರಗಸವೂ

ವಾರಿಜಕ್ಕನ ವಾಷಿಂಗ್ ಮೆಷಿನ್ನಿನ ಮೇಲೆ ಸದಾ ಒಂದು ಗರಗಸ ಮಲಗಿರುತ್ತಿತ್ತು. ಬಡಗಿಯ ಕೈಗರಗಸವಲ್ಲ, ಹಗ್ಗ ಎಳೆದರೆ ಹೊಗೆಯುಗುಳಿ ಗುಡುಗುವ, ಮರ ಉರುಳಿಸುವ ಚೈನ್ ಗರಗಸ. ಧೂಳು ಕೂರದಿರಲೆಂದು ಅದಕ್ಕೆ ತಮ್ಮ ಹಳೆಯ ನೈಟಿಯೊಂದನ್ನು ಹೊದಿಸಿಡುತ್ತಿದ್ದರು. ಅವರ ಮನೆಗೆ ಮೊದಲ ಸಲ ಹೋದವರು ಮಗು ಮಲಗಿದೆಯೆಂದು ತಿಳಿದು ದನಿ ತಗ್ಗಿಸುವುದಿತ್ತು. ನಾನೂ ತಗ್ಗಿಸಿದ್ದೆ.

ದೋಹಾದ ಅಲ್ ಅಜೀಜಿಯಾದಲ್ಲಿ ಒಂದು ದೊಡ್ಡ ವಿಲ್ಲಾವನ್ನು ನಾಲ್ಕಾರು ಮನೆಗಳಾಗಿ ಒಡೆದು ಬಾಡಿಗೆಗೆ ಕೊಟ್ಟಿದ್ದರು. ಅವರದೂ ನನ್ನದೂ ಒಂದೇ ಗೋಡೆ. ವರ್ಲ್ಡ್ ಕಪ್ ಬರುತ್ತದೆಂದು ಇಡೀ ಊರನ್ನು ಅಗೆದು ಹಾಕಿದ್ದ ವರ್ಷಗಳು ಅವು. ರಸ್ತೆ ಬದಿಗೆ ಗಿಡ ನೆಡುವ, ಖರ್ಜೂರದ ಮರಗಳನ್ನು ಒಂದೆಡೆಯಿಂದ ಕಿತ್ತು ಇನ್ನೊಂದೆಡೆ ಊರುವ ಕಂಪೆನಿಯಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ಮೈಸೂರಿನ ನಾನು ಕಾಗದಪತ್ರದ ವಿಭಾಗದಲ್ಲಿ, ಮೂಡುಬಿದಿರೆಯ ಅವರು ಪರ್ಚೇಸ್‌ನಲ್ಲಿ. ಅವರ ಗಂಡ ಶೇಖರಣ್ಣ ಹಮದ್ ಬಂದರಿನಲ್ಲಿದ್ದರು. ಮಾತು ಕಡಿಮೆ, ಅಡುಗೆ ಚೆನ್ನ.

ಗರಗಸದ ಹುಚ್ಚು ಅವರಿಗೆ ಹಿಡಿದದ್ದು ಪ್ರೀತಿಯಿಂದಲ್ಲ, ಸಿಟ್ಟಿನಿಂದ. ಕಂಪೆನಿಯ ಹಳೆಯ ಗರಗಸವೊಂದು ಕೆಟ್ಟಾಗ ಅಂಗಡಿಯವನು ಫೋನಿನಲ್ಲಿ, "ಇದರ ಪಾರ್ಟು ಇನ್ನು ಸಿಗುವುದಿಲ್ಲ ಮೇಡಂ, ಹೊಸದು ತಗೊಳ್ಳಿ," ಎಂದನಂತೆ. ವಾರಿಜಕ್ಕ ಅದನ್ನು ತಮ್ಮ ಮುಖಕ್ಕೇ ಅಂದ ಮಾತೆಂದು ತೆಗೆದುಕೊಂಡರು.

"ಸಿಗುದಿಲ್ಲ ಅಂತ ಹೇಳ್ಬೇಡಿ, ನಾನು ಹುಡುಕ್ಲಿಲ್ಲ ಅಂತ ಹೇಳಿ!" ಎಂದು ಫೋನಿಟ್ಟವರು ಅವತ್ತಿನಿಂದ ಹುಡುಕಲು ಕೂತರು. ಆ ಪಾರ್ಟು ಎಲ್ಲಿಂದಲೋ ಬಂತು, ಗರಗಸ ಓಡಿತು. ಆಮೇಲೆ ಕಂಪೆನಿ ಗುಜರಿಗೆ ಹಾಕಲಿದ್ದ ಇನ್ನೊಂದನ್ನು ಕೇಳಿ ಮನೆಗೆ ತಂದರು. ಆಮೇಲೆ ಮತ್ತೊಂದು. ಯಾರೂ ಅವರಿಗೆ ಕಲಿಸಿದ್ದಲ್ಲ. ಬಿಚ್ಚುವಾಗ ಒಂದೊಂದು ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆದು, ಜೋಡಿಸುವಾಗ ಹಿಂದಿನಿಂದ ಮುಂದಕ್ಕೆ ನೋಡುತ್ತಾ ಹೋಗುವುದು ಅವರ ಪದ್ಧತಿ. ಸ್ಕ್ರೂಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಬೇರೆ ಬೇರೆ ಇಡುತ್ತಿದ್ದರು. ಆ ತಟ್ಟೆಯಲ್ಲಿ ಮತ್ತೆ ಇಡ್ಲಿ ಬೇಯಿಸಿದ್ದನ್ನು ನಾನು ಕಾಣೆ, ಆದರೆ ಅವರ ಮನೆಯ ಇಡ್ಲಿ ತಿನ್ನುವಾಗ ಒಮ್ಮೆ ಮೂಸಿ ನೋಡುತ್ತಿದ್ದುದಂತೂ ನಿಜ.

ಬಿಡಿಭಾಗಗಳು ಬರುತ್ತಿದ್ದದ್ದು ನಮ್ಮ ನಮ್ಮ ಬ್ಯಾಗುಗಳಲ್ಲಿ. ಕರ್ನಾಟಕದವರು ಯಾರೇ ಪರಿಚಯವಾದರೂ ವಾರಿಜಕ್ಕ ಹೆಸರು ಕೇಳುವ ಮೊದಲು ಕೇಳುತ್ತಿದ್ದದ್ದು, "ಊರಿಗೆ ಯಾವಾಗ? ಬರುವಾಗ ತೂಕ ಎಷ್ಟು ಖಾಲಿ ಉಂಟು?" ಎಂದು. ಸಕಲೇಶಪುರದಲ್ಲಿ, ಶಿರಸಿಯಲ್ಲಿ, ಎಲ್ಲೆಲ್ಲೋ ಬಾಗಿಲು ಹಾಕಲಿರುವ ಹಳೆಯ ಅಂಗಡಿಗಳ ಮಾಳಿಗೆಗಳನ್ನು ಅವರು ದೋಹಾದಲ್ಲಿ ಕೂತೇ ಶೋಧಿಸುತ್ತಿದ್ದರು. ಹಾಗೆ ಸಿಕ್ಕ ಪಿಸ್ಟನ್ ರಿಂಗು, ಸ್ಪ್ರಿಂಗುಗಳು ಉಪ್ಪಿನಕಾಯಿ, ಹಪ್ಪಳ, ಸಾರಿನ ಪುಡಿಗಳ ನಡುವೆ ಮಲಗಿ ಸಮುದ್ರ ದಾಟುತ್ತಿದ್ದವು. ಕೆಲವರು ಅವರನ್ನು ಕಂಡರೆ ಸೂಪರ್‌ಮಾರ್ಕೆಟ್ಟಿನಲ್ಲಿ ಅಕ್ಕಿ ಮೂಟೆಯ ಹಿಂದೆ ಅವಿತುಕೊಳ್ಳುತ್ತಿದ್ದರು. ವಾರಿಜಕ್ಕ ಅಲ್ಲಿಗೇ ಹೋಗಿ ಕೇಳುತ್ತಿದ್ದರು.

ರಿಪೇರಿಯಾದದ್ದನ್ನು ಮನೆಯ ಹತ್ತಿರ ಓಡಿಸುವಂತಿರಲಿಲ್ಲ. ಹಾಗಾಗಿ ಶುಕ್ರವಾರ ಶೇಖರಣ್ಣನ ಗಾಡಿಯಲ್ಲಿ ಮೆಸಾಯೀದ್ ಕಡೆಯ ಮರಳಿಗೆ ಹೋಗುತ್ತಿದ್ದೆವು. ದುಪಟ್ಟಾ ಸೊಂಟಕ್ಕೆ ಬಿಗಿದು, ಕಣ್ಣಿಗೆ ಕನ್ನಡಕ ಏರಿಸಿ, ಸುತ್ತ ಒಂದು ಹುಲ್ಲುಕಡ್ಡಿಯೂ ಇಲ್ಲದ ಜಾಗದಲ್ಲಿ ಅವರು ಗರಗಸದ ಹಗ್ಗ ಎಳೆಯುತ್ತಿದ್ದರು. ಒಮ್ಮೆ ಪೊಲೀಸ್ ಗಾಡಿಯೊಂದು ಪಕ್ಕಕ್ಕೆ ಬಂದು ನಿಂತಿತು. ಇಳಿದ ಯುವಕ ಗರಗಸವನ್ನು ನೋಡಿದ, ವಾರಿಜಕ್ಕನನ್ನು ನೋಡಿದ, ನಾಲ್ಕು ದಿಕ್ಕಿನ ಮರಳನ್ನು ನೋಡಿದ.

"ವೇರ್ ಟ್ರೀ?" ಎಂದ.

"ಮಾಫಿ ಟ್ರೀ," ಮರ ಇಲ್ಲವೆಂದು ತಮಗೆ ಬರುವ ಅರಬ್ಬಿಯಲ್ಲಿ ಹೇಳಿದರು ವಾರಿಜಕ್ಕ ಗಂಭೀರವಾಗಿ. "ಓನ್ಲಿ ಸೌಂಡ್."

ಅವನಿಗೆ ನಗು ತಡೆಯಲಾಗಲಿಲ್ಲ. ಹೋಗುವ ಮುನ್ನ ತಾನೂ ಒಮ್ಮೆ ಹಗ್ಗ ಎಳೆದು, ಆ ಶಬ್ದಕ್ಕೆ ಬೆಚ್ಚಿ, "ಯಲ್ಲಾ, ಯಲ್ಲಾ" ಎಂದು ಕೈ ಬೀಸಿ ಹೊರಟ.

ಈ ಗರಗಸಗಳ ಸುದ್ದಿ ಕೇಳಿಯೇ ಯೂಸುಫಾಕ ಒಂದು ಸಂಜೆ ಮನೆಗೆ ಬಂದರು. ಉಳ್ಳಾಲದ ಬ್ಯಾರಿ, ನಮ್ಮದೇ ಕಂಪೆನಿಯ ತೋಟದ ಕೆಲಸದ ಹಿರಿಯರು. ಮೀಸೆ ಮೂಡುವ ವಯಸ್ಸಿಗೆ ಕತಾರಿಗೆ ಬಂದು, ದೋಹಾದ ಆಚೆ ಒಬ್ಬ ಅರಬ್ಬಿಯ ತೋಟದಲ್ಲಿ ಮರ ಕಡಿಯುವ ಕೆಲಸ ಮಾಡಿದ್ದರಂತೆ. ತೋಟ ಮುಚ್ಚಿದಾಗ ಯಜಮಾನ ಗರಗಸವನ್ನು ಇವರಿಗೇ ಕೊಟ್ಟಿದ್ದ. ಅದು ನಿಂತು ಇಪ್ಪತ್ತು ವರ್ಷವಾಗಿತ್ತು. ಲುಂಗಿಯಲ್ಲಿ ಸುತ್ತಿ ಮಂಚದ ಅಡಿಯಲ್ಲಿಟ್ಟಿದ್ದ ಹಳದಿ ಬಣ್ಣದ ಆ ಯಂತ್ರವನ್ನು ಅವರು ಚಾಪೆಯ ಮೇಲೆ ಬಿಚ್ಚಿಟ್ಟರು.

"ಮಕ್ಕಳಿಗೆಲ್ಲ ಬಾಪ ಇಲ್ಲಿ ಹೂವಿನ ಗಿಡಕ್ಕೆ ನೀರು ಬಿಡುದು ಅಂತ," ಎಂದರು. "ಬಿಡ್ತೇನೆ, ಇಲ್ಲ ಅಂತ ಅಲ್ಲ. ಆದ್ರೆ ನಾನು ಇದನ್ನು ಹಿಡಿದವ. ನಾನು ಖಾಯಮ್ಮಾಗಿ ಹೋಗುವಾಗ ಇದನ್ನು ಕೈಯಲ್ಲಿ ಹಿಡ್ಕೊಂಡು ಮನೆಗೆ ಹೋಗ್ಬೇಕು. ಮೊಮ್ಮಕ್ಕಳ ಎದುರು ಒಂದ್ಸಲ ಓಡ್ಬೇಕು. ಆಗ್ತದಾ ವಾರಿಜ?"

"ಆಗದೆ ಎಂತ?" ಎಂದರು ವಾರಿಜಕ್ಕ. ಒಳಗೆ ಏನೇನು ಹಾಳಾಗಿದೆಯೆಂದು ಆಗಿನ್ನೂ ನೋಡಿಯೂ ಇರಲಿಲ್ಲ.

ನೋಡಿದರೆ ಹಾಳಾಗದ್ದೇ ಕಡಿಮೆ. ಟ್ಯಾಂಕು ತೂತು, ಕಾರ್ಬೊರೇಟರು ಮುಟ್ಟಿದರೆ ಹಿಟ್ಟಿನಂತೆ ಪುಡಿ, ಕಾಯಿಲ್ ಸತ್ತಿತ್ತು. ಎರಡು ವರ್ಷ ಹುಡುಕಾಟ ನಡೆಯಿತು. ಡಬ್ಬಿಯಿಂದ ಹೊರಗೇ ಬಾರದ ಹಳೆಯ ಟ್ಯಾಂಕೊಂದೂ ಕಾಯಿಲ್ಲೂ ಶಿರಸಿಯಲ್ಲಿ ಸಿಕ್ಕಿದವು. ಅಂಥದ್ದೇ ಯಾರೂ ಬಳಸದ ಕಾರ್ಬೊರೇಟರು ಸಕಲೇಶಪುರದಲ್ಲಿ ಸಿಕ್ಕಿ, ಕೊರಿಯರಿನಲ್ಲಿ ಮೈಸೂರಿನ ನಮ್ಮ ಮನೆಗೆ ಬಂತು. ನಾನು ದಸರೆಗೆ ಹೋದವಳು ಅದನ್ನು ತಂದುಕೊಟ್ಟೆ. ವಾರಿಜಕ್ಕ ಟಾರ್ಚು ಬಿಟ್ಟು ಅದರ ಬಾಯೊಳಗೆ ಇಣುಕಿದರು.

"ಇದರ ಒಳಗೆ ಕುಂಕುಮ ಉಂಟಲ್ಲ ಮಾರಾಯ್ತಿ!"

ನನಗೆ ನೆಲ ಬಿರಿದು ಬಾಯ್ಬಿಡಬಾರದೇ ಅನ್ನಿಸಿತು. ಆಯುಧಪೂಜೆಯ ದಿನ ಅಮ್ಮ ಈಳಿಗೆಮಣೆ, ಕತ್ತರಿ, ಸ್ಕೂಟರಿನ ಬೀಗದ ಕೈಗಳ ಸಾಲಿನಲ್ಲಿ ಇದನ್ನೂ ಇಟ್ಟು ಅರಿಶಿನ ಕುಂಕುಮ ಹಾಕಿಬಿಟ್ಟಿದ್ದರು. ಒಂದು ಸೇವಂತಿಗೆ ಎಸಳೂ ಒಳಗೆ ಒಣಗಿ ಕೂತಿತ್ತು. ಅಮ್ಮನಿಗೆ ಫೋನು ಹಚ್ಚು ಎಂದರು ವಾರಿಜಕ್ಕ. ಬೈಯುತ್ತಾರೆಂದು ಹೆದರಿ ಹಚ್ಚಿದೆ.

"ಪೂಜೆ ಮಾಡಿದ್ದು ಒಳ್ಳೆದಾಯ್ತಮ್ಮ," ಎಂದರು. "ಇನ್ನೊಮ್ಮೆ ಮಾಡುವಾಗ ಹೊರಗಿನಿಂದ ಮಾತ್ರ ಮಾಡಿ. ಒಳಗಿನದ್ದು ನಾನು ನೋಡಿಕೊಳ್ತೇನೆ."

"ಅಯ್ಯೋ, ನಂಗೇನು ಗೊತ್ತಮ್ಮ, ಕಬ್ಬಿಣದ್ದು ಅಂತ ಇಟ್ಬಿಟ್ಟೆ," ಎಂದರು ಅಮ್ಮ. ಆಮೇಲೆ ಪ್ರತಿ ವಾರವೂ ನನ್ನ ಆರೋಗ್ಯ ಕೇಳುವ ಮೊದಲು, "ಆ ಸಾಮಾನು ಓಡಿತೇನೇ?" ಎಂದು ಕೇಳತೊಡಗಿದರು. ವಾರಿಜಕ್ಕ ಸೂಜಿಯ ಮೊನೆಯಿಂದ ಕುಂಕುಮವನ್ನು ಚೂರು ಚೂರೇ ತೆಗೆದು, ಗಾಳಿ ಊದಿ ಊದಿ ಪೆಟ್ರೋಲು ಹರಿಯುವ ಸಣ್ಣ ದಾರಿಗಳನ್ನು ತೆರೆದರು.

ಯೂಸುಫಾಕ ಊರಿಗೆ ಹೊರಡುವ ವಾರ ಎಲ್ಲ ಜೋಡಿಸಿ ಮುಗಿದಿತ್ತು. ಪ್ಲಗ್ಗು ಹೊರಗಿಟ್ಟು ಹಗ್ಗ ಎಳೆದರೆ ನೀಲಿ ಕಿಡಿ ಹಾರುತ್ತಿತ್ತು. ಹಗ್ಗ ಹಿಡಿದು ಎತ್ತಿದರೆ ಗರಗಸ ಜರ್ರನೆ ಜಾರದೆ ಬಿಗಿಯಾಗಿ, ನಿಧಾನಕ್ಕೆ ಇಳಿಯುತ್ತಿತ್ತು; ಎಂಜಿನ್ನಿನೊಳಗಿನ ಬಿಗಿ ಸರಿಯಿದೆಯೆಂಬುದಕ್ಕೆ ಅದೇ ಗುರುತಂತೆ. ಉಳಿದದ್ದು ಪೆಟ್ರೋಲು ಹೊಯ್ದು ಓಡಿಸುವುದು. ಶೇಖರಣ್ಣ ಬಂದರಿನಿಂದ, ಹಡಗಿನ ಸರಕಿನಡಿ ಹಾಸಿ ಎಸೆದಿದ್ದ ದಪ್ಪನೆಯ ದಿಮ್ಮಿಯನ್ನೂ ತಂದಿಟ್ಟಿದ್ದರು. ಇನ್ನೆರಡು ದಿನ ಕಳೆದರೆ ಶುಕ್ರವಾರ.

ಆಗ ಬಂತು ವಿಮಾನದವರ ಉತ್ತರ. ವಾರಿಜಕ್ಕನೇ ವಿಚಾರಿಸಿದ್ದರು. ಟ್ಯಾಂಕು, ಕಾರ್ಬೊರೇಟರು ಪೆಟ್ರೋಲೇ ಕಂಡಿಲ್ಲವಾದರೆ ನೋಡಿ ಬಿಡುತ್ತೇವೆ, ಒಮ್ಮೆ ಹೊಯ್ದಿದ್ದರೆ ಎಷ್ಟು ತೊಳೆದರೂ ಹತ್ತಿಸುವುದಿಲ್ಲ ಎಂದರಂತೆ. ಕಾರ್ಗೋದವರು ಬಿಲ್ಲಿಲ್ಲದ ಹಳೆಯ ಎಂಜಿನ್ ಬೇಡವೆಂದು ಮೊದಲೇ ಕೈಯಲ್ಲಾಡಿಸಿದ್ದರು.

ಅಂಗಳದಲ್ಲಿ ಯೂಸುಫಾಕನನ್ನು ಕೂರಿಸಿ ವಾರಿಜಕ್ಕ ಇದ್ದದ್ದನ್ನು ಇದ್ದ ಹಾಗೇ ಹೇಳಿದರು. "ಇಲ್ಲಿ ಓಡಿಸಿದ್ರೆ ಮೆಷಿನ್ ಇಲ್ಲಿಯೇ. ತಕೊಂಡು ಹೋಗುದಾದ್ರೆ ಓಡಿಸುವ ಹಾಗಿಲ್ಲ. ಊರಿಗೆ ಹೋಗಿ ಅಲ್ಲಿಯೇ ಮೊದಲ ಸಲ. ನೀವು ಹೇಳಿದ ಹಾಗೆ."

ಯೂಸುಫಾಕ ಗರಗಸದ ಹಿಡಿಯ ಮೇಲೆ ಕೈಯಿಟ್ಟುಕೊಂಡು ಕೇಳಿದರು. "ಊರಲ್ಲಿ ಓಡ್ತದಾ?"

"ಓಡ್ತದೆ."

"ನೀನು ಓಡ್ತದೆ ಅಂದ್ರೆ ಓಡ್ತದೆ. ತಕೊಂಡು ಹೋಗ್ತೇನೆ."

ವಾರಿಜಕ್ಕ ತಲೆಯಾಡಿಸಿ ಚಹಾ ತರಲು ಒಳಗೆ ಹೋದರು. ಹಿಂದೆಯೇ ಹೋದ ನನಗೆ ಕಂಡದ್ದು, ಎಣ್ಣೆ ಬೆರೆಸಿಟ್ಟಿದ್ದ ಪೆಟ್ರೋಲಿನ ಕ್ಯಾನಿನ ಮುಚ್ಚಳವನ್ನು ಮತ್ತೆ ಮತ್ತೆ ಬಿಗಿಮಾಡುತ್ತಾ ನಿಂತಿದ್ದ ವಾರಿಜಕ್ಕ. "ಎರಡು ವರ್ಷ ಹುಡುಕಿದ್ದು ನಾನು, ಮೊದಲ ಶಬ್ದ ಉಳ್ಳಾಲದ ಕಾಗೆಗಳಿಗೆ!" ಎಂದು ನಗಲು ನೋಡಿದರು. ನಗು ಪೂರ್ತಿ ಬರಲಿಲ್ಲ. ತಮ್ಮ ಕೆಲಸ ಸರಿಯೋ ತಪ್ಪೋ ಎಂದು ತಿಳಿಯುವ ಒಂದೇ ಅವಕಾಶವನ್ನು ಅವರು ಆ ಮುದುಕರ ಕೈಗೆ ಕೊಟ್ಟುಬಿಟ್ಟಿದ್ದರು. ಅಷ್ಟು ದೊಡ್ಡ ಮನಸ್ಸು ನನ್ನಲ್ಲಿಲ್ಲವೆಂದು ನನಗೆ ಚೆನ್ನಾಗಿ ಗೊತ್ತು.

ವಿಮಾನ ನಿಲ್ದಾಣಕ್ಕೆ ನಾವೂ ಹೋಗಿದ್ದೆವು. ಕೌಂಟರಿನವನು ಟ್ಯಾಂಕಿನ ಮುಚ್ಚಳ ತೆಗೆದು ಮೂಗು ತೂರಿಸಿದ. "ಮಾಫಿ ಪೆಟ್ರೋಲ್, ಮಾಫಿ!" ಎಂದು ವಾರಿಜಕ್ಕ ಇತ್ತಲಿಂದ ಕೂಗಿದರು. ಅವನು ಇನ್ನೊಬ್ಬನನ್ನು ಕರೆದು ಅವನ ಮೂಗನ್ನೂ ತೂರಿಸಿದ. ಕೊನೆಗೆ ಪೆಟ್ಟಿಗೆಗೆ ಹಾಕಿ ಬೆಲ್ಟಿನ ಮೇಲೆ ಇಟ್ಟರು. ಆ ಪೆಟ್ಟಿಗೆ ಒಳಗೆ ಹೋಗಿ ಕಾಣದಾಗುವವರೆಗೂ ಯೂಸುಫಾಕ ಅಲ್ಲಿಂದ ಕದಲಲಿಲ್ಲ.

ವರ್ಲ್ಡ್ ಕಪ್ ಮುಗಿದ ಮೇಲೆ ನಮ್ಮ ಕಂಪೆನಿಯ ಕೆಲಸವೂ ತೆಳುವಾಯಿತು. ವಾರಿಜಕ್ಕ, ಶೇಖರಣ್ಣ ಇಬ್ಬರೂ ಒಮಾನಿನ ಸಲಾಲಾಕ್ಕೆ ಕೆಲಸ ಹಿಡಿದು ಹೋದರು. "ಅಲ್ಲಿ ಮರ ಉಂಟು ಮಾರಾಯ್ತಿ, ನಿಜವಾದ ಮರ!" ಎಂಬುದೊಂದೇ ಅವರು ಕೊಟ್ಟ ಕಾರಣ. ಗೋಡೆಯಾಚೆ ಈಗ ಬೇರೆ ಯಾರೋ ಇದ್ದಾರೆ, ಬಹಳ ಸದ್ದಿಲ್ಲದವರು. ನನಗೆ ಆ ಸದ್ದಿಲ್ಲದಿರುವುದು ಸೇರುವುದಿಲ್ಲ. ಅವರನ್ನು ಬೀಳ್ಕೊಟ್ಟ ದಿನ ನನಗೆ ಅಷ್ಟಾಗಿ ನೆನಪಿಲ್ಲ. ನೆನಪಿರುವುದು ಅದಕ್ಕಿಂತ ಸ್ವಲ್ಪ ಮೊದಲಿನ, ಆಟಗಳು ಇನ್ನೂ ನಡೆಯುತ್ತಿದ್ದಾಗಿನ ಒಂದು ಶುಕ್ರವಾರ.

ಮಧ್ಯಾಹ್ನ ದಾಟಿತ್ತು. ದೋಹಾದ ಹಳೆಯ ಪೇಟೆ ಸೂಕ್ ವಾಕಿಫ್‌ನಲ್ಲಿ ಕಾಲಿಡಲು ಜಾಗವಿಲ್ಲ. ಯಾವ ಯಾವುದೋ ದೇಶದವರು ಬಾವುಟ ಹೊದ್ದು ಡೋಲು ಬಾರಿಸುತ್ತಿದ್ದರು. ಆ ಗದ್ದಲದಲ್ಲಿ, ನನ್ನ ಪಕ್ಕದಲ್ಲಿದ್ದ ವಾರಿಜಕ್ಕನಿಗೆ ಊರಿನಿಂದ ಫೋನು ಬಂತು. ಯೂಸುಫಾಕ. ರಜೆಗೆ ಮೊಮ್ಮಕ್ಕಳೆಲ್ಲ ಸೇರಲಿ ಎಂದು ಅಷ್ಟು ದಿನ ಕಾದಿದ್ದರು. ವಾರಿಜಕ್ಕ ನನ್ನ ಕೈ ಹಿಡಿದೆಳೆದುಕೊಂಡು ಪಾರ್ಕಿಂಗಿಗೆ ಓಡಿದರು. ಕಾರಿನೊಳಗೆ ಕೂತು ಗಾಜು ಏರಿಸಿ ಸ್ಪೀಕರ್ ಹಾಕಿದರು.

"ಎಳೆದು ಎಳೆದು ಕೈ ಬಿತ್ತು ವಾರಿಜ. ಶುರುವಾಗುದಿಲ್ಲ."

ಹಿಂದಿನಿಂದ ಯಾವುದೋ ಮಗು ನಕ್ಕದ್ದು ಕೇಳಿಸಿತು. ವಾರಿಜಕ್ಕನ ಮುಖದಲ್ಲಿ ಬಣ್ಣವೇ ಇರಲಿಲ್ಲ. ಅವರನ್ನು ಹಾಗೆ ನಾನು ಎಂದೂ ಕಂಡವಳಲ್ಲ. ಆದರೆ ದನಿ ಮಾತ್ರ ಅಂಗಡಿಯವರನ್ನು ಗದರಿಸುವ ಅದೇ ದನಿ.

"ಫೋನು ಮೆಷಿನ್ನಿನ ಹತ್ತಿರ ಇಡಿ. ಈಗ ಎಳೆಯಿರಿ." ಕಣ್ಣು ಮುಚ್ಚಿ ಕೇಳಿದರು. "ಚೋಕ್ ಎಳೆದೇ ಇಟ್ಟಿದ್ದೀರಾ? ಅದನ್ನು ಒಳಗೆ ದೂಡಿ. ಪೆಟ್ರೋಲು ಹೆಚ್ಚಾಗಿ ಪ್ಲಗ್ ಒದ್ದೆಯಾಗಿರ್ತದೆ, ತೆಗೆದು ಒರಸಿ ಹಾಕಿ. ಗಡಿಬಿಡಿ ಬೇಡ, ನಾನು ಇಲ್ಲಿಯೇ ಇದ್ದೇನೆ."

ಅಲ್ಲಿ ಸ್ಪ್ಯಾನರಿನ ಸದ್ದು, ಯಾರೋ ಬಟ್ಟೆ ತರಲು ಓಡಿದ ಸದ್ದು. ಬಿಸ್ಮಿಲ್ಲಾ ಎಂದರು ಯೂಸುಫಾಕ. ಒಂದು ಎಳೆತ, ಏನಿಲ್ಲ. ಇನ್ನೊಂದು ಎಳೆತಕ್ಕೆ ಕೆಮ್ಮು. ಮತ್ತೊಂದಕ್ಕೆ ಫೋನೇ ಒಡೆಯುವಂತೆ ಅದು ಗರ್ಜಿಸಿತು. ಮಕ್ಕಳು ಕಿರುಚಿದರು. ವಾರಿಜಕ್ಕನ ಕಣ್ಣಲ್ಲಿ ನೀರು ಧಾರಾಕಾರ ಇಳಿಯಿತು, ನನ್ನ ಕಣ್ಣಲ್ಲೂ. ಏನೋ ಹೇಳಹೊರಟ ನನ್ನನ್ನು ಅವರು ಕೈಯೆತ್ತಿ ತಡೆದರು. ಚೈನು ಮರದೊಳಗೆ ಇಳಿದದ್ದು ಕೇಳುತ್ತಿತ್ತು.

ಇದ್ದಕ್ಕಿದ್ದಂತೆ ಆ ಸದ್ದು ಒರಟಾಯಿತು, ಅವರ ಹುಬ್ಬು ಗಂಟಿಕ್ಕಿತು. ಆ ಹಳೆಯ ಗರಗಸದಲ್ಲಿ ಚೈನಿಗೆ ಎಣ್ಣೆ ತಾನಾಗಿ ಹೋಗುವುದಿಲ್ಲ, ಹಿಡಿಯ ಬಳಿಯ ಬಟನ್ನನ್ನು ಹೆಬ್ಬೆರಳಿನಿಂದ ಆಗಾಗ ಒತ್ತುತ್ತಿರಬೇಕು. ಸಂತೋಷದಲ್ಲಿ ಮುದುಕರು ಅದನ್ನು ಮರೆತಿದ್ದರು.

"ಯೂಸುಫಾಕಾ, ಹೆಬ್ಬೆರಳು! ಎಣ್ಣೆ ಒತ್ತಿ, ಹೆಬ್ಬೆರಳು!"

ಅಲ್ಲಿ ಯಾರಿಗೆ ಕೇಳಬೇಕು? ಗರಗಸ ಗುಡುಗುತ್ತಲೇ ಇತ್ತು. ವಾರಿಜಕ್ಕ ಅಳುತ್ತಾ, ಕೂಗುತ್ತಾ, ಸ್ಟೀರಿಂಗಿನ ಮೇಲೆ ತಮ್ಮ ಹೆಬ್ಬೆರಳನ್ನು ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು.