ಟೈಲರ್ ಮಾಸ್ತರರ ತೊಡೆಸಂದಿಯ ಅಳತೆ

ಟೈಲರ್ ಮಾಸ್ತರರಿಗೆ ಟೇಪು ಹತ್ತಿರವಿಲ್ಲದಿದ್ದರೆ ಉಸಿರೇ ಆಡುತ್ತಿರಲಿಲ್ಲ. ಅರವತ್ತು ವರ್ಷ ಅವರು ತುಳಿದ ಪೆಡಲಿಗೆ ಗಾಲಿ ಕಟ್ಟಿದ್ದರೆ, ಇಷ್ಟು ಹೊತ್ತಿಗೆ ಚಂದ್ರನಲ್ಲಿಗೆ ಹೋಗಿ, ಅಲ್ಲಿ ಯಾರಾದರೂ ಇದ್ದರೆ ಅವರಿಗೂ ಅಂಗಿ ಹೊಲಿದುಕೊಟ್ಟು, ಊಟದ ವೇಳೆಗೆ ವಾಪಸಾಗುತ್ತಿದ್ದರು.

ಇಂಥವರ ಹೃದಯದ ಕವಾಟ ಬಿಗಿದುಕೊಂಡಿತು. ಡಾಕ್ಟರು ಎದೆ ಸೀಳದೆ, ಬಲ ತೊಡೆಸಂದಿಯ ರಕ್ತನಾಳದೊಳಗೆ ಸಣ್ಣ ಕೊಳವೆ ತೂರಿಸಿ ಹೊಸ ಕವಾಟ ಕೂರಿಸಿದರು. "ಸಂಜೆತನಕ ಬಲಗಾಲು ಅಲ್ಲಾಡಿಸಬೇಡಿ, ಗಾಯ ಬಿಚ್ಕೊಳ್ಳತ್ತೆ" ಎಂದಳು ನರ್ಸಮ್ಮ. ಮಾಸ್ತರರು ಹೂಂಗುಟ್ಟಿ ಕಣ್ಣು ಮುಚ್ಚಿದರು. ಮುಚ್ಚಿದ್ದೇ ತಡ, ಬಲಗಾಲು ತನ್ನ ಪಾಡಿಗೆ ತಾನು ಪೆಡಲ್ ತುಳಿಯತೊಡಗಿತು. ಹೆಂಡತಿ ಕಾಫಿ ಕುಡಿದು ಬರುವಷ್ಟರಲ್ಲಿ ಮಂಚ ಬಾಗಿಲ ತನಕ ಬಂದಿತ್ತು.

"ರೀ! ಯಾರ ಪ್ಯಾಂಟು ಹೊಲೀತಿದ್ದೀರಿ?"

ಮಾಸ್ತರರು ಬೆಚ್ಚಿ ಎದ್ದರು. ತೊಡೆಸಂದಿ ಮುಟ್ಟಿದರೆ ಊತ. ದಿಂಬಿನಡಿಯ ಟೇಪು ಎಳೆದು ಅಳೆದರು: ಎರಡು ಇಂಚು. ಗಂಟೆ ಬಿಟ್ಟು ಅಳೆದರು: ಮೂರೂಕಾಲು. ಬೆನ್ನು ಸೆಳೆಯುತ್ತಿತ್ತು, ಕಣ್ಣು ಕತ್ತಲಿಡುತ್ತಿತ್ತು, ಮುಖ ಅಸ್ತರಿನ ಬಟ್ಟೆಯಂತೆ ಬಿಳಿಚಿತ್ತು.

"ಒಳಗೆ ರಕ್ತ ಸೋರ್ತಿದೆ ಕಣೇ. ಹೀಗೇ ಬಿಟ್ರೆ ನಾನು ಉಳಿಯಲ್ಲ."

ಹೆಂಡತಿ ಓಡಿಹೋಗಿ ಮರಿ ಡಾಕ್ಟರನ್ನು ಎಳೆದುತಂದಳು. ಅವನು ಊತವನ್ನು ಬೆರಳಲ್ಲಿ ಒತ್ತಿ ನಕ್ಕ.

"ಸ್ವಲ್ಪ ಊದೋದು ಮಾಮೂಲು ತಾತ. ನಿಮ್ಮ ಟೇಪು ಹಳೇದಲ್ವಾ, ಎಳೆದೆಳೆದು ಉದ್ದ ಆಗಿರತ್ತೆ."

ಪ್ರಾಣ ಹೋಗುವುದನ್ನಾದರೂ ಸಹಿಸಿಯಾರು, ಟೇಪಿನ ಮಾನ ಹೋಗುವುದನ್ನಲ್ಲ. ಮಾಸ್ತರರ ದನಿ ಮೂರು ವಾರ್ಡಿಗೆ ಕೇಳಿತು:

"ಉದ್ದ ಆಗಿರೋ ಟೇಪಲ್ಲಿ ಅಳತೆ ಕಮ್ಮಿ ಬರತ್ತೆ ಮಗೂ, ಜಾಸ್ತಿ ಅಲ್ಲ! ನಿನ್ನ ಮಾತೇ ನಿಜ ಆದ್ರೆ ಇದು ಮೂರೂವರೆ!"

ಮರಿ ಡಾಕ್ಟರ್ ಮನಸ್ಸಿನಲ್ಲೇ ಟೇಪು ಹಿಡಿದು ನೋಡಿದನೋ ಏನೋ, ನಗು ಇಳಿಯಿತು. ಓಡಿಹೋಗಿ ಸ್ಕ್ಯಾನ್ ಯಂತ್ರ ತಳ್ಳಿಕೊಂಡು ಬಂದ. ರಕ್ತನಾಳದ ತೂತು ಬಿಚ್ಚಿಕೊಂಡಿತ್ತು. ಇನ್ನರ್ಧ ಗಂಟೆ ಕಳೆದಿದ್ದರೆ ಹೊಸ ಕವಾಟಕ್ಕೆ ಕೆಲಸವೇ ಇರುತ್ತಿರಲಿಲ್ಲ. ಹಿರಿಯ ಡಾಕ್ಟರು ಬಂದು ತೂತಿಗೆ ಹೊಲಿಗೆ ಹಾಕಿದರು, ಎರಡು ಬಾಟಲಿ ರಕ್ತವೂ ಏರಿತು.

"ಡಬಲ್ ಹೊಲಿಗೆ ತಾನೇ?" ಎಂದರು ಮಾಸ್ತರರು ಎಚ್ಚರಾದೊಡನೆ.

ಹೆಂಡತಿ ಅವರ ಬಲಗಾಲನ್ನು ಅದೇ ಟೇಪಿನಿಂದ ಮಂಚದ ಕಂಬಿಗೆ ಬಿಗಿಯುತ್ತಿದ್ದಳು.

"ಅಯ್ಯೋ, ಮೆಲ್ಲಗೆ! ಟೇಪು ಹಾಳಾಗತ್ತೆ ಕಣೇ!"

"ಆಗ್ಲಿ ಬಿಡಿ," ಎಂದು ಅವಳು ಇನ್ನೊಂದು ಗಂಟು ಹಾಕಿದಳು. "ಟೇಪು ಅಂಗಡೀಲಿ ಹೊಸದು ಸಿಗತ್ತೆ."