ಗೊಬ್ಬೂರ ಬಾವಿಯ ಲಾಳಮೂಗಿನ ಬಾವಲಿಗಳು

ಆಳಂದದಿಂದ ಬೆಳಿಗ್ಗೆ ಹೊರಟಾಗ ನನ್ನ ಚೀಲದಲ್ಲಿ ಬಲೆ, ಸ್ಪಿರಿಟ್ ತುಂಬಿದ ಗಾಜಿನ ಭರಣಿ, ಅಳತೆಪಟ್ಟಿ ಇದ್ದವು. ತಲೆಯಲ್ಲಿ, ನನ್ನ ಹೆಸರು ಹೊರಲಿರುವ ಒಂದು ಬಾವಲಿ ಇತ್ತು. ಸಾಲೆಯ ಮಾಸ್ತರನಿಗೆ ಇಂಥ ಹುಚ್ಚು ಹಿಡಿಯಬಾರದು. ಹೈದರಾಬಾದಿನ ವಿದ್ವಾಂಸರೊಬ್ಬರು, ಗೊಬ್ಬೂರಿನ ಕಡೆ ಲಾಳಮೂಗಿನ ಹೊಸ ಜಾತಿ ಇರಬಹುದು, ಒಂದು ಜೋಡಿ ಕಳಿಸಿ ಎಂದು ಬರೆದಿದ್ದರು. ಅಫಜಲಪುರದವರೆಗೆ ಮೋಟಾರು, ಎಂಟಾಣೆ ಹೈದರಾಬಾದಿ ಸಿಕ್ಕಾ ಕೊಟ್ಟು ಧೂಳು ತಿಂದೆ. ಅಲ್ಲಿಂದ ಗೊಬ್ಬೂರಿಗೆ ಎತ್ತಿನ ಗಾಡಿ.

ಗೊಬ್ಬೂರಿನ ರೈತ ಶರಣಪ್ಪ, ಅವನ ಹೆಂಡತಿ ಗುರಬಾಯಿ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ದಾರಿಯ ಪಕ್ಕದ ಅವರ ಹಳೆಯ ಬಾವಿಯ ಗೋಡೆಯೊಳಗೆ ಕಲ್ಲಿನ ಕೋಣೆಯೊಂದಿತ್ತು. ಬಾವಲಿಗಳಿದ್ದದ್ದು ಅಲ್ಲೇ. ಮೇಲೆ ಎತ್ತಿನ ಕೊಟ್ಟಿಗೆ.

"ಒಂದ ಜೋಡಿ ಒಯ್ರಿ ಮಾಸ್ತರ, ಹೆಚ್ಚಿಗಿ ಬ್ಯಾಡ್ರಿ," ಎಂದಳು ಗುರಬಾಯಿ. "ಸೊಳ್ಳಿ ತಿಂತಾವ್ರಿ ಅವು. ಎತ್ತ ಆರಾಮ ಮಲಗತಾವ."

ಒಂದೇ ಜೋಡಿ ಎಂದು ಬಾಯಿತುಂಬ ಮಾತು ಕೊಟ್ಟೆ.

ಅವರು ಹೊಲಕ್ಕೆ ಹೋದ ಮೇಲೆ ಬಾವಿಗಿಳಿದೆ. ಹದಿನಾಲ್ಕು ಬಾವಲಿಗಳು ರೆಕ್ಕೆಯನ್ನು ಕಂಬಳಿಯಂತೆ ಹೊದ್ದು ತಲೆಕೆಳಗಾಗಿ ತೂಗುತ್ತಿದ್ದವು. ಮೂಗಿನ ಸುತ್ತ ಲಾಳದಾಕಾರದ ತೊಗಲು, ಮೇಲೆ ಈಟಿಯಂಥ ಮೊನೆ. ಈ ಮೂಗು, ಮುಂಗೈಯ ಉದ್ದ ನೋಡಿಯೇ ಜಾತಿ ಗುರುತಿಸುವುದು. ಎರಡು ಹಿಡಿದೆ. ಇನ್ನೂ ತೂಗುತ್ತಿದ್ದ ಮತ್ತೊಂದರ ಮೂಗು ತುಸು ಬೇರೆಯಾಗಿ ಕಂಡಿತು. ಹೊಸ ಜಾತಿ ಅದೇ ಆಗಿದ್ದರೆ? ಅತಿ ಆಸೆ ಗತಿಗೇಡು ಎಂದು ಮಕ್ಕಳಿಂದ ಕಾಪಿ ಬರೆಸುವವನು ನಾನೇ. ಕೋಣೆಯ ಬಾಯಿಗೆ ಬಲೆ ಕಟ್ಟಿ ಹದಿನಾಲ್ಕನ್ನೂ ಹಿಡಿದು ಭರಣಿಗೆ ಹಾಕಿದೆ. ಗುರಬಾಯಿ ಕೇಳಿದಾಗ, "ಉಳಿದವು ಹಾರಿಹೋದವು, ತಿರುಗಿ ಬರ್ತಾವೆ" ಎಂದೆ.

ಭೀಮಾ ಹೊಳೆ ದಾಟಿ, ರಾತ್ರಿ ಜೇವರ್ಗಿಯ ಮುಸಾಫಿರಖಾನೆಯಲ್ಲಿ ಉಳಿದು ಅಳೆಯಲು ಕುಳಿತೆ. ಮೂಗು ನೋಡುತ್ತಲೇ ತಿಳಿಯಿತು, ಎಲ್ಲವೂ ಒಂದೇ ಜಾತಿ, ಎಲ್ಲೆಡೆ ಸಿಗುವ ಸಾಮಾನ್ಯ ಜಾತಿ. ಆ ಬೇರೆ ಮೂಗಿನ ಮೇಲಿದ್ದದ್ದು ಹಳೆಯ ಗಾಯ. ಇವುಗಳಲ್ಲಿ ಹೆಣ್ಣಿಗೆ ತೊಡೆಸಂದಿಯಲ್ಲಿ ಹಾಲಿಲ್ಲದ ಎರಡು ತೊಟ್ಟುಗಳಿರುತ್ತವೆ, ಮರಿ ಕಚ್ಚಿ ಹಿಡಿಯಲಿಕ್ಕೆ. ಒಂದರ ರೆಕ್ಕೆ ಬಿಡಿಸಿದೆ. ಮರಿ ಆ ತೊಟ್ಟನ್ನು ಕಚ್ಚಿಕೊಂಡೇ ಸತ್ತಿತ್ತು. ನನ್ನ ಮೇಲೆ ನನಗೇ ಹೇಸಿಕೆಯಾಯಿತು. ಆಮೇಲೆ ಯಾವುದನ್ನೂ ಅಳೆಯಲಿಲ್ಲ.

ನಿಜ ಹೇಳಿಬಿಡಬೇಕೆಂದು, ಎರಡು ದಿನದ ಮೇಲೆ ತಿರುಗಿ ಬರುವಾಗ ಗೊಬ್ಬೂರಿನಲ್ಲಿ ಇಳಿದೆ. ಶರಣಪ್ಪ ಸೊಳ್ಳೆ ಓಡಿಸಲು ಕೊಟ್ಟಿಗೆಗೆ ಬೇವಿನ ಸೊಪ್ಪಿನ ಹೊಗೆ ಹಾಕುತ್ತಿದ್ದ. ಗುರಬಾಯಿ ನನ್ನನ್ನು ಕಂಡು ತಾನೇ ತಲೆ ತಗ್ಗಿಸಿದಳು.

"ಇನ್ನಾ ಬಂದಿಲ್ರಿ ಮಾಸ್ತರ. ನಾನೇ ಬಾವಿಕಟ್ಟಿಗಿ ಸುಣ್ಣ ಹಚ್ಚೇನ್ರಿ, ಆ ವಾಸನಿಗಿ ಬಿಟ್ಟು ಹೋದ್ವೇನೋ. ತಪ್ಪು ನಂದೇ ಅದ್ರಿ."

ನಿಜ ಹೇಳದೆ ಚೀಲ ಹೆಗಲಿಗೇರಿಸಿದೆ. ಅಫಜಲಪುರಕ್ಕೆ ಹೋಗುವ ಎತ್ತಿನ ಗಾಡಿ ಬಂತು. ಅವಳು ದಾರಿಗೆಂದು ರೊಟ್ಟಿ ಕಟ್ಟಿಕೊಟ್ಟಳು. ನಾಚಿಕೆಗೆಟ್ಟವನು, ಅದನ್ನೂ ತೆಗೆದುಕೊಂಡೆ. ಗಾಡಿ ಹೊರಟ ಮೇಲೆ ತಿರುಗಿ ನೋಡಿದೆ. ಗುರಬಾಯಿ ಬಾವಿಕಟ್ಟೆಯ ಮೇಲೆ ಕುಳಿತು, ಕಲ್ಲಿನ ಚೂರಿನಿಂದ ಸುಣ್ಣ ಕೆರೆಯುತ್ತಿದ್ದಳು.